ಅಂಗಳಕ್ಕೆ ಮಲಗುವ ಕಂಬ

ನಮ್ಮ ಮನೆಯ ಮುಂದಿನ ಕಂಬ ಎಷ್ಟು ಎತ್ತರವಿತ್ತು ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ನನ್ನ ನೆನಪಿನಲ್ಲಿ ಅದು ಊರಬಾಗಿಲಿನ ಹುಣಸೆ ಮರವನ್ನೂ ಮೀರಿ ನಿಂತಿದೆ. ಅಕ್ಕ ಸುಜಾತಾಳನ್ನು ಕೇಳಿದರೆ, ಮಾಳಿಗೆಯ ಮೇಲೆ ಒಬ್ಬ ಆಳು ಕೈಯೆತ್ತಿ ನಿಂತರೆ ತುದಿ ಮುಟ್ಟಬಹುದಿತ್ತು ಎನ್ನುತ್ತಾಳೆ. ನಾನು ಕಲಬುರಗಿಯಲ್ಲಿ ಇತಿಹಾಸ ಓದಿದವನು. ಯಾರು ಏನೇ ಹೇಳಿದರೂ ‘ಇದಕ್ಕೆ ಆಧಾರವೇನು’ ಎಂದು ಕೇಳುವುದನ್ನು ಅಲ್ಲಿ ಕಲಿತೆ. ಆ ಚಟ ಆಮೇಲೆ ಬಿಡಲಿಲ್ಲ. ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ ಕೂಡ ಹಾಗೆ ಕೇಳಿ ಬೈಸಿಕೊಂಡಿದ್ದೇನೆ. ಈಗ ಅದೇ ಪ್ರಶ್ನೆಯನ್ನು ನನಗೇ ಹಾಕಿಕೊಳ್ಳಬೇಕಾಗಿದೆ. ಕಂಬದ ಎತ್ತರಕ್ಕೆ ನನ್ನಲ್ಲಿ ಆಧಾರವಿಲ್ಲ. ಅದು ಯಾವ ಕಡೆಗೆ ಮಲಗುತ್ತಿತ್ತು ಎನ್ನುವುದಕ್ಕೆ ಮಾತ್ರ ಇದೆ. ಅದನ್ನು ಮಲಗಿಸಿದಾಗಲೆಲ್ಲ ತುದಿ ನಮ್ಮ ಅವ್ವನ ಒಲೆಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಆ ತುದಿಯ ಮೇಲೆ ಕೂತು ನಾನು ಬಿಸಿ ರೊಟ್ಟಿ ತಿಂದಿದ್ದೇನೆ. ಹೊಟ್ಟೆಗೆ ಹೋದದ್ದನ್ನು ಸಂಶಯಿಸುವಷ್ಟು ನಾನಿನ್ನೂ ಓದಿಲ್ಲ.

ಊರು ಸಗರದ ಆಚೆ, ಎರೆಭೂಮಿಯ ನಡುವೆ. ನಮ್ಮ ಕೇರಿಯ ಓಣಿ ಊರಿನ ದೊಡ್ಡ ಓಣಿಗೆ ಕೂಡುವ ಮೂಲೆಯಲ್ಲಿ ನಮ್ಮದೇ ಕೊನೆಯ ಮನೆ, ಊರಿನ ಕಡೆಯಿಂದ ಬಂದರೆ ಮೊದಲ ಮನೆ. ಒಳಗೆ ಎರಡು ಕತ್ತಲೆ ಕೋಣೆಗಳು. ಒಂದರಲ್ಲಿ ಜೋಳದ ಚೀಲ, ಹಾಸಿಗೆಯ ಸುರುಳಿ, ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಇನ್ನೊಂದರಲ್ಲಿ ಮಳೆಗಾಲಕ್ಕೆಂದು ಇಟ್ಟ ಒಲೆ. ಆದರೆ ನಾವು ಬದುಕಿದ್ದು ಆ ಕೋಣೆಗಳಲ್ಲಲ್ಲ, ಅಂಗಳದಲ್ಲಿ. ಮಣ್ಣಿನ ಗೋಡೆ ಸುತ್ತಿದ ಉದ್ದನೆಯ ಅಂಗಳ. ಮುಂದೆ ಬಾಗಿಲಿಲ್ಲ, ಚೌಕಟ್ಟಿಲ್ಲ, ಗೋಡೆಯ ನಡುವೆ ಒಂದು ಸಂದು, ಸಂದಿಗೆ ಹತ್ತಿಕಟ್ಟಿಗೆಯ ತಟ್ಟಿ. ಒಳಗೆ ಬಂದರೆ ಎಡಕ್ಕೆ ನೀರಿನ ಕೊಡಗಳು, ಕೊನೆಯಲ್ಲಿ ಮನೆಯ ಮೆಟ್ಟಿಲಿನ ಹತ್ತಿರ ಅವ್ವನ ಒಲೆ. ಅವ್ವ ಅಲ್ಲಿ ಕೂತು ರೊಟ್ಟಿ ಬಡಿಯುತ್ತ ಇಡೀ ದೊಡ್ಡ ಓಣಿಯನ್ನು ನೋಡುತ್ತಿದ್ದಳು. ಓಣಿಯೂ ಅವಳನ್ನು ನೋಡುತ್ತಿತ್ತು. ಓಣಿಯ ಆಚೆ ಬೇವಿನ ಗಿಡದ ಕೆಳಗೆ ಕಲ್ಲಿನ ಕಟ್ಟೆ. ಆ ಕಟ್ಟೆ ಗೌಡರದು. ಯಾರೂ ಬರೆದು ಕೊಟ್ಟಿರಲಿಲ್ಲ, ಆದರೂ ಗೌಡರದೇ.

ಅಪ್ಪ ಶಹಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತ. ನೌಕರಿ ಖಾಯಂ ಆಗಿರಲಿಲ್ಲ. ಊರಲ್ಲಿ ಎಲ್ಲರಿಗೂ ಅವನು ‘ಗುಮಾಸ್ತ’ನೇ, ಹೆಸರು ಹಿಡಿದು ಕರೆದವರು ಕಡಿಮೆ. ಶಾಲೆಯಲ್ಲಿ ಅವನಿಗೆ ವರ್ಷಕ್ಕೆ ಎರಡು ಸಲ ಒಂದು ವಿಶೇಷ ಕೆಲಸ ಬರುತ್ತಿತ್ತು: ಧ್ವಜ ಕಟ್ಟುವುದು. ಧ್ವಜವನ್ನು ಮಡಿಚಿ, ಮಡಿಕೆಯಲ್ಲಿ ಹೂವಿನ ಎಸಳು ತುಂಬಿ, ಹಗ್ಗವನ್ನು ಸುತ್ತಿ, ಕೊನೆಯ ಸುತ್ತನ್ನು ಜಾರುಗಂಟಾಗಿ ಸಿಕ್ಕಿಸಿ, ಕಂಬದ ತುದಿಗೆ ಏರಿಸಿಡಬೇಕು. ಕೆಳಗಿನಿಂದ ಒಮ್ಮೆ ಜಗ್ಗಿದರೆ ಗಂಟು ಬಿಚ್ಚಿ ಎಸಳು ಉದುರಿ ಧ್ವಜ ಹಾರಬೇಕು. ಬಿಗಿಯಾದರೆ ಬಿಚ್ಚುವುದಿಲ್ಲ, ಸಡಿಲಾದರೆ ಅತಿಥಿ ಬರುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಒಂದು ಆಗಸ್ಟಿನಲ್ಲಿ ಅತಿಥಿ ಜಗ್ಗಿದ, ಬಿಚ್ಚಲಿಲ್ಲ. ಮತ್ತೆ ಜಗ್ಗಿದ, ನೇತಾಡುವಂತೆ ಜಗ್ಗಿದ. ಹೆಣ್ಣುಮಕ್ಕಳ ಸಾಲಿನಿಂದ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ತರು ಧ್ವಜದ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದರು. ಅಪ್ಪ ಮನೆಗೆ ಬಂದವನು ಅಂಗಿ ಕೂಡ ಕಳಚದೆ, ಟವೆಲ್ಲಿನೊಳಗೆ ಬೇವಿನೆಲೆ ತುಂಬಿ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ ಜಗ್ಗುತ್ತ ನಿಂತ. ಎಲೆ ನಮ್ಮ ಸಾರಿನೊಳಗೆ ಬಿದ್ದವು.

“ಅವರ ಬಾವುಟ ಬಿಚ್ಚಲಿಲ್ಲಂದ್ರ ನೀ ಯಾಕ ಬೆವರತೀ?” ಎಂದಳು ಅವ್ವ.

“ಕಟ್ಟಾವ ನಾನು, ಜಗ್ಗಾವ ಬ್ಯಾರೆ. ಬಿಚ್ಚಿದ್ರ ಚಪ್ಪಾಳಿ ಜಗ್ಗಿದಾವಗ, ಬಿಚ್ಚಲಿಲ್ಲಂದ್ರ ಬೈಗಳ ಕಟ್ಟಿದಾವಗ.”

“ಹಂಗಾರ ನೀನ ಕಟ್ಟಿ ನೀನ ಜಗ್ಗೋ ಕಂಬ ಒಂದು ನಮ್ಮ ಬಾಗಲಾಗ ನೆಡು. ಯಾವ ಮಗಾ ಬೈತಾನ ನೋಡೂನು.”

ನಮ್ಮ ಕಂಬ ಹುಟ್ಟಿದ್ದು ಹೀಗೆ ಎಂದು ನಾನು ನಂಬಿದ್ದೇನೆ. ಕೇರಿಯ ಜಯಂತಿಗೆ ನೀಲಿ ಬಾವುಟ ಹಾರಿಸಲು ಒಂದು ಕಂಬ ಬೇಕಾಗಿತ್ತು, ಮೂಲೆಮನೆಯ ಮುಂದೆ ಜಾಗವಿತ್ತು, ಅಷ್ಟೇ ಎಂದು ಅಕ್ಕನ ವಾದ. ಎರಡೂ ನಿಜವಿರಬಹುದು. ಆದರೆ ಕಂಬ ತರುವ ಮಾತಾಡಿದಾಗ ಅಪ್ಪನ ಮುಖ ಹೇಗಿತ್ತು ಎನ್ನುವುದು ನನಗೆ ಗೊತ್ತು. ಕೇರಿಯ ಕೆಲಸ ಮಾಡುವವನ ಮುಖ ಅದಾಗಿರಲಿಲ್ಲ.

ಕಂಬ ಮಾಡಿಕೊಟ್ಟವನು ಶಹಾಪುರದ ವೆಲ್ಡಿಂಗ್ ಅಂಗಡಿಯ ಖಾಜಾ. ಬಾಯಿ ದೊಡ್ಡದು, ಕೆಲಸವೂ ಕೆಟ್ಟದ್ದಲ್ಲ. ಎರಡು ಕಬ್ಬಿಣದ ಪಟ್ಟಿಗಳನ್ನು ಎದುರುಬದುರಾಗಿ ನೆಲದಲ್ಲಿ ಹುಗಿದು, ನಡುವೆ ಕಂಬವನ್ನು ನಿಲ್ಲಿಸಿ, ಕೆಳಗೊಂದು ಮೇಲೊಂದು ಬೋಲ್ಟ್ ಹಾಕುವುದು ಅವನ ಏರ್ಪಾಡು. ಮೇಲಿನ ಬೋಲ್ಟ್ ತೆಗೆದರೆ ಕಂಬ ಕೆಳಗಿನ ಬೋಲ್ಟಿನ ಮೇಲೆ ತಿರುಗಿ ಮಲಗುತ್ತದೆ. ಎರಡೂ ಕಡೆ ಬೀಳಬಾರದೆಂದು ಒಂದು ಕಡೆಗೆ ದಪ್ಪನೆಯ ತಗಡು ಅಡ್ಡ ಬೆಸೆದಿರುತ್ತದೆ. ಕಂಬ ಓಣಿಗೆ ಮಲಗಬೇಕು, ತಗಡು ನಮ್ಮ ಮನೆಯ ಕಡೆಗೆ ಬರಬೇಕು ಎಂದು ಅಪ್ಪ ಹೇಳಿದ್ದ. ಖಾಜಾ ಬಂದು ಗೋಡೆಯ ಸಂದಿನ ನೇರಕ್ಕೆ, ಓಣಿಯ ಅಂಚಿನಲ್ಲಿ ಹುಗಿದು ಸಿಮೆಂಟ್ ಹಾಕಿ ಹೋದ. ಸಿಮೆಂಟ್ ಗಟ್ಟಿಯಾದ ಮೇಲೆ ಅಪ್ಪ ನೋಡುತ್ತಾನೆ: ತಗಡು ಓಣಿಯ ಕಡೆಗಿದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಖಾಜಾನ ಹೆಸರು, ಕೆಳಗೆ ಒಂದು ಸುತ್ತಿಗೆಯ ಚಿತ್ರ. ಅಪ್ಪ ಮರುದಿನ ಶಹಾಪುರದಲ್ಲಿ ಜಗಳಕ್ಕೆ ಹೋದ. ನಾನೂ ಜೊತೆಗಿದ್ದೆ.

“ಉಲ್ಟಾ ಹುಗದಿಯಲ್ಲೋ ಖಾಜಾ! ಕಂಬ ಈಗ ನಮ್ಮ ಮನ್ಯಾಗ ಬೀಳತೈತಿ.”

“ಅರೇ ಗುಮಾಸ್ತ ಸಾಬ್, ಹೆಸರು ಬರದೀನಿ. ಹೆಸರು ರಸ್ತಾಕ್ಕ ಕಾಣಬೇಕೋ, ನಿಮ್ಮ ಮನಿ ಕೋಳಿಗೆ ಕಾಣಬೇಕೋ?”

“ಮಲಗಸೋದು ಹ್ಯಾಂಗೋ?”

“ಬಾವುಟದ ಕಂಬ ಯಾರರ ಮಲಗಸ್ತಾರೇನ್ರಿ? ನಿಂದ್ರಸಾಕ ಮಾಡೀನಿ, ನಿಂದ್ರಸ್ರಿ!”

ಆದರೆ ಮಲಗಿಸಬೇಕಾಗುತ್ತಿತ್ತು. ಕಂಬದ ತುದಿಯಲ್ಲಿ ಹಗ್ಗ ಓಡುವ ಗಾಲಿ ಸಣ್ಣದು. ಗಾಳಿ ಜೋರಾದಾಗ ಹಗ್ಗ ಗಾಲಿಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಆಗ ಬಾವುಟ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಬಾವುಟ ನೋಡಿ ಯಾರು ತೀರಿಕೊಂಡರು ಎಂದು ಕೇಳುತ್ತ ಹೊಲಕ್ಕೆ ಹೋಗುವವರು ತಟ್ಟಿಯ ಹತ್ತಿರ ನಿಲ್ಲುತ್ತಿದ್ದರು. ಅವ್ವ ಒಲೆಯ ಮುಂದಿನಿಂದಲೇ “ಇನ್ನಾ ಯಾರೂ ಇಲ್ಲ, ಬೇಕಾದ್ರ ನೀ ಮೊದಲಾಗು” ಎನ್ನುತ್ತಿದ್ದಳು. ಹೀಗಾಗಿ ಹಗ್ಗ ಸಿಕ್ಕಿಕೊಂಡಾಗಲೊಮ್ಮೆ, ಜಯಂತಿಗೆ ಮೊದಲೊಮ್ಮೆ, ಬುದ್ಧಪೂರ್ಣಿಮೆಗೆ ಮೊದಲೊಮ್ಮೆ ಕಂಬ ಅಂಗಳಕ್ಕೆ ಬರುತ್ತಿತ್ತು. ಅದಕ್ಕೊಂದು ಕ್ರಮವಿತ್ತು. ಅವ್ವ ಮೇಲಿನ ಬೋಲ್ಟ್ ಬಿಚ್ಚುತ್ತಿದ್ದಳು. ಕೇರಿಯ ಇಬ್ಬರು ಗಂಡಸರು ಓಣಿಯಲ್ಲಿ ಬುಡ ತಬ್ಬಿ ನಿಲ್ಲುತ್ತಿದ್ದರು. ಅಪ್ಪ ಒಳಗೆ ನಿಂತು, ಮಡಿಚಿದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಇಳಿಯುವ ಕಂಬಕ್ಕೆ ಹೆಗಲು ಕೊಟ್ಟು ಹಿಂದೆ ಹಿಂದೆ ಸರಿಯುತ್ತ ಒಲೆಯವರೆಗೆ ಹೋಗಿ ತುದಿಯನ್ನು ನೆಲಕ್ಕೆ ಇಡುತ್ತಿದ್ದ. ಹೆಗಲು ಕೊಡುವವರು ಒಳಗೆ ಇಲ್ಲದಿದ್ದರೆ ಕಂಬ ನಡುವಿನಲ್ಲೇ ಕೈಮೀರಿ ಬಿದ್ದು ಕೊಡ, ಒಲೆ, ಗಾಲಿ ಎಲ್ಲ ಪುಡಿ.

ಕಂಬ ಮಲಗಿದ ದಿನ ಅವ್ವ “ನೆಂಟ ಬಂದಾನ” ಎನ್ನುತ್ತಿದ್ದಳು. ನೆಂಟನಿಗೆ ಉಪಚಾರ ನಡೆಯುತ್ತಿತ್ತು: ಗಾಲಿಗೆ ಕುಸುಬಿ ಎಣ್ಣೆ, ಹೊಸ ಹಗ್ಗ, ಚಿಂದಿಯಿಂದ ಮೈ ಒರೆಸುವುದು. ಸುಜಾತಾ ಅದರ ಮೇಲೆ ಲಂಗ ಒಣಹಾಕುತ್ತಿದ್ದಳು; ಅಪ್ಪ ಹೌಹಾರಿ ತೆಗೆಯುತ್ತಿದ್ದ; ಅವನು ಅತ್ತ ತಿರುಗಿದ ಮೇಲೆ ಮತ್ತೆ ಹಾಕುತ್ತಿದ್ದಳು. ಊಟಕ್ಕೆ ಕೂತರೆ ಕಂಬದ ಆಚೆ ಇಬ್ಬರು, ಈಚೆ ಇಬ್ಬರು. ಪುಂಡಿಪಲ್ಯದ ಗಂಗಾಳ ಕಂಬದ ಮೇಲಿಂದ ದಾಟಿ ಬರುತ್ತಿತ್ತು. ಜಗಳವಾದರೆ ಅಪ್ಪ ಆಚೆ ಹೋಗಿ ಕೂರುತ್ತಿದ್ದ, ಅವ್ವ ಈಚೆ. ನಾವು ಯಾವ ಕಡೆ ಕೂರುತ್ತೇವೆ ಎಂಬುದರ ಮೇಲೆ ಆವತ್ತಿನ ಪಕ್ಷ ಗೊತ್ತಾಗುತ್ತಿತ್ತು. ಹೊರಗಿನ ಲೋಕದಲ್ಲಿ ಕತ್ತೆತ್ತಿ ನೋಡಬೇಕಾದ ವಸ್ತುವನ್ನು ನಾನು ಹೀಗೆ ಮೊಣಕಾಲಿನ ಮಟ್ಟದಲ್ಲಿ ಕಂಡು ಬೆಳೆದೆ. ಮುಂದೆ ಯಾವ ಎತ್ತರದ ವಸ್ತುವಿನ ಮುಂದೆಯೂ ನನಗೆ ಸರಿಯಾಗಿ ಭಯ ಭಕ್ತಿ ಬರಲಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಅದನ್ನು ಯಾವ ಪಾಠವೂ ಕಲಿಸಲಿಲ್ಲ, ಆ ಅಂಗಳ ಕಲಿಸಿತು.

ಗಾಲಿಯ ಬಗ್ಗೆ ಒಂದು ಮಾತು. ಅದು ಮೇಲಿನ ಓಣಿಯ ಬಾವಿಯ ರಾಟೆ, ನಮ್ಮವರು ಮುಟ್ಟಬಾರದಾಗಿದ್ದ ಬಾವಿಯದು, ನಳ ಬಂದ ಮೇಲೆ ಗುಜರಿಗೆ ಹೋದದ್ದನ್ನು ಅವ್ವ ತಂದಳು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಎಷ್ಟು ಸ್ಪಷ್ಟವೆಂದರೆ ಅದರ ತುಕ್ಕಿನ ವಾಸನೆ ಕೂಡ. ಆದರೆ ಬಾವಿಯ ರಾಟೆ ತಟ್ಟೆಯಷ್ಟು ದೊಡ್ಡದು. ಅದು ಆ ಸಣ್ಣ ಪೈಪಿನ ತುದಿಗೆ ಕೂರುವುದೇ ಇಲ್ಲ. ಕಂಬದ ಗಾಲಿಯನ್ನು ಖಾಜಾನೇ ತಂದು ಹಾಕಿದ್ದು ಎನ್ನುತ್ತಾಳೆ ಅಕ್ಕ, ಅವಳೇ ಸರಿ. ಚಂದದ ಕಥೆಗಳು ಹೀಗೆ ಹುಟ್ಟುತ್ತವೆ ಎಂದು ನಾನು ಇತರರ ನೆನಪುಗಳ ಬಗ್ಗೆ ಎಷ್ಟೋ ಸಲ ಮೂಗು ಮುರಿದಿದ್ದೇನೆ. ನನ್ನ ತಲೆಯೂ ಅದೇ ಕೆಲಸ ಮಾಡಿದೆ ಎಂದು ಗೊತ್ತಾದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ನೆರಳಿನ ತಕರಾರು. ನಮ್ಮ ಕಂಬದ ನೆರಳು ಕಟ್ಟೆಯ ಮೇಲೆ, ತಮ್ಮ ಮೈಮೇಲೆ ಬೀಳುತ್ತದೆ, ಕಂಬ ತೆಗೆಯಬೇಕು ಎಂದು ಗೌಡರು ಹೇಳಿ ಕಳಿಸಿದರು. ನೆರಳು ಬೀಳುತ್ತಿದ್ದುದು ಸಂಜೆ, ಚಹಾದ ಹೊತ್ತಿಗೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದನ್ನು ಬರೆಯುವ ಮುಂಚೆ ಖಾತ್ರಿ ಮಾಡಿಕೊಳ್ಳೋಣ ಎಂದು ಸುರಪುರದಲ್ಲಿ ಟೀಚರ್ ಆಗಿರುವ ಅಕ್ಕನಿಗೆ ಫೋನ್ ಮಾಡಿದೆ.

“ಏನ್ ಓದಿಯೋ ನೀನು? ಕಟ್ಟಿ ನಮ್ಮ ಮನಿಗೆ ಪಡುವಲಕ್ಕ ಐತಿ. ಸಂಜಿ ನೆರಳು ಪಡುವಲಕ್ಕ ಹೋಗತೈತೇನು? ನಿನ್ನ ಯುನಿವರ್ಸಿಟ್ಯಾಗ ಸೂರ್ಯಾ ಎಲ್ಲಿಂದ ಹುಟ್ಟತಾನಪಾ?”

“ಹಂಗಾರ ಮುಂಜಾನೇನು?”

“ಮುಂಜಾನಿ. ಗೌಡ ಬಾಯಾಗ ಬೇವಿನಕಡ್ಡಿ ಹಾಕ್ಕೊಂಡು ಕುಂದ್ರತಿದ್ದ. ಕಂಬದ ನೆರಳು ಕಟ್ಟಿ ಉದ್ದಕ್ಕೂ, ಬಾವುಟದ ನೆರಳು ಅವನ ತೊಡಿ ಮ್ಯಾಲ. ಅಲ್ಲಾಡತಿತ್ತಲ್ಲ, ಕೈಲೆ ಝಾಡಿಸ್ತಿದ್ದ, ನೊಣ ಝಾಡಿಸಿದಂಗ. ಝಾಡಿಸಿದಷ್ಟೂ ಬರತಿತ್ತು. ನಾವು ತಟ್ಟಿ ಹಿಂದ ನಿಂತು ನಗತಿದ್ವಿ, ನಿನಗ ನೆನಪಿಲ್ಲೇನು?”

ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಈಗ ಕಾಣುತ್ತದೆ. ಆದ್ದರಿಂದಲೇ ಅದನ್ನು ನನ್ನದು ಎನ್ನಲಾರೆ. ಆದರೆ ಆ ತಕರಾರು ಮನೆಯೊಳಗೆ ತಂದ ಜಗಳ ನನ್ನದೇ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯ ಆಡಳಿತ ಮಂಡಳಿಯಲ್ಲಿ ಗೌಡರ ಬೀಗರಿದ್ದರು. ಅವ್ವ ಹತ್ತಿ ಬಿಡಿಸುತ್ತಿದ್ದುದು ಗೌಡರ ಹೊಲದಲ್ಲಿ. ಅಪ್ಪ ಅಂದು ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಅದರ ಅಂಚನ್ನು ಬೆರಳಿನಿಂದ ಸವರುತ್ತಲೇ ಇದ್ದ.

“ಒಂದೀಟು ಕೊಯ್ಯಿಸಿದ್ರ ಏನಾಗತೈತಿ? ಗಿಡ್ಡ ಕಂಬಕ್ಕೂ ಬಾವುಟ ಹಾರತೈತಿ.”

“ನಾಳಿ ನಿನ್ನ ನೆರಳೂ ಬೀಳತೈತಿ ಅಂತಾರ. ಮೊಣಕಾಲತನಾ ಕೊಯ್ಯಿಸ್ಕೊಂತೀಯೇನು?”

“ನೌಕರಿ ಹೋದ್ರ ಏನ್ ತಿಂತೀ?”

“ಈಗೇನು ತಿನ್ನಾಕತ್ತೀನಿ? ರೊಟ್ಟಿ. ಆಗೂ ರೊಟ್ಟಿನ ತಿಂತೀನಿ.”

“ಮಾತಾಡೋದು ಸಸಾರ ಐತಿ ನಿನಗ. ಅವರ ಮುಂದ ನಿಂದ್ರಾವ ನಾನು.”

“ನಿಂದ್ರಬ್ಯಾಡ. ಕುಂದ್ರು. ಯಾರ ನಿಂದ್ರಂದ್ರು ನಿನಗ?”

ಅಪ್ಪ ಗಂಗಾಳ ಬಿಟ್ಟು ಎದ್ದು ಒಳಗೆ ಹೋದ. ಆವತ್ತು ಕಂಬ ನಿಂತೇ ಇತ್ತು. ಆಚೆ ಈಚೆ ಎಂದು ಕೂರಲು ನಮಗೆ ಗಡಿಯಿರಲಿಲ್ಲ. ನಾನು ಅಪ್ಪನ ಪಕ್ಷವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವನು ಹೆದರುತ್ತಿದ್ದುದು ನನಗೆ ಅರ್ಥವಾಗುತ್ತಿತ್ತು, ಅವ್ವ ಹೆದರದೆ ಇರುತ್ತಿದ್ದುದು ಅರ್ಥವಾಗುತ್ತಿರಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಅದರ ಬೆಲೆಯನ್ನು ಹೇಳಿಬಿಡುತ್ತೇನೆ. ಗೆದ್ದ ಕಥೆ ಹೇಳುವವರು ಕೊನೆಯಲ್ಲಿ ಬೆಲೆಯನ್ನು ನುಂಗಿಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ಆ ಸುಗ್ಗಿಯಲ್ಲಿ ಗೌಡರ ಹೊಲಕ್ಕೆ ಅವ್ವನನ್ನಷ್ಟೇ ಅಲ್ಲ, ನಮ್ಮ ಓಣಿಯ ಯಾರನ್ನೂ ಕರೆಯಲಿಲ್ಲ. ಹೆಂಗಸರು ನಸುಕಿನಲ್ಲೇ ಟೆಂಪೋ ಹತ್ತಿ ಗುರುತಿಲ್ಲದ ಊರುಗಳ ಹೊಲಗಳಿಗೆ ಹೋದರು. ಕೆಲವರು ಅವ್ವನಿಗೆ ಮುಖದ ಮೇಲೆಯೇ ಬೈದರು. ಅಪ್ಪನ ನೌಕರಿ ಖಾಯಂ ಆಗಲೇ ಇಲ್ಲ. ಕೊನೆಗೆ ಬೇರೆ ಊರಿನ ಬೇರೆ ಶಾಲೆ ಹುಡುಕಿಕೊಂಡ. ಇದೆಲ್ಲ ಆಯಿತು. ಇದೆಲ್ಲ ಆಗುತ್ತದೆಂದು ಅಂದು ನಮ್ಮ ಅಂಗಳದಲ್ಲಿದ್ದ ದೊಡ್ಡವರಿಬ್ಬರಿಗೂ ಗೊತ್ತಿತ್ತು.

ಅದು ಆಷಾಢದ ಒಂದು ಬೆಳಿಗ್ಗೆ. ಮೋಡ ಕವಿದಿತ್ತು, ಮಳೆಯಿಲ್ಲ, ಪಡುವಣದ ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತಿತ್ತು. ಅಪ್ಪ ಶಾಲೆಗೆ ಹೋಗದೆ ಮನೆಯಲ್ಲಿದ್ದ. ಗೌಡರು ಬರುತ್ತಾರೆಂಬ ಸುದ್ದಿ ಹಿಂದಿನ ದಿನವೇ ಬಂದಿತ್ತು. ಗೌಡರು ತಮ್ಮ ಅಣ್ಣನ ಮಗ ಬಸ್ಸಣ್ಣನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಓಣಿ ದಾಟಿ ಬಂದರು. ಬಸ್ಸಣ್ಣನ ಕೈಯಲ್ಲಿ ನಟ್ಟು ತಿರುವುವ ಪಾನಾ. ಕೇರಿಯವರು ಮಾಳಿಗೆಗಳ ಮೇಲೆ ಬಂದು ನಿಂತರು. ಯಾರೂ ಕೆಳಗಿಳಿಯಲಿಲ್ಲ.

“ಗುಮಾಸ್ತ, ಭಾಳ ದಿನ ಹೇಳೀನಿ,” ಎಂದರು ಗೌಡರು. “ಮುರಿಯಾಕ ಬಂದಿಲ್ಲ ನೋಡು. ಮುರದ್ರ ಕೇಸ್ ಅಂತೀರಿ, ಪೇಪರ್‌ದಾಗ ಹಾಕಸ್ತೀರಿ. ಮಲಗಸಾಕ ಬಂದೀವಿ. ಮಲಗಿದ್ದು ಮಲಗೇ ಇರಲಿ.”

ಅವ್ವ ಹಿಟ್ಟಿನ ಕೈಯಲ್ಲೇ ತಟ್ಟಿಯವರೆಗೆ ಬಂದಳು.

“ಇವತ್ತ ನೆರಳ ಎಲ್ಲೈತ್ರಿ ಗೌಡ್ರ? ತೋರಸ್ರಿ, ತೆಕ್ಕೊಂತೀವಿ.”

ಮೋಡದ ಕೆಳಗೆ ಯಾರ ನೆರಳೂ ಇರಲಿಲ್ಲ. ಗೌಡರದೂ ಇರಲಿಲ್ಲ. ಬಸ್ಸಣ್ಣ ಪಾನಾ ಹಚ್ಚಿದ. ನಟ್ಟು ತುಕ್ಕು ಹಿಡಿದಿತ್ತು, ತಿರುಗಲಿಲ್ಲ. ಅವ್ವ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ತಟ್ಟಿಯ ಹೊರಗಿಟ್ಟಳು. “ಹಚ್ಚಪಾ ಬಸ್ಸಣ್ಣಾ. ಸುಮ್ಮ ತಿರುವಿದ್ರ ರಟ್ಟಿ ಹೋಗತಾವ.” ಅವಳು ಯಾಕೆ ಸಹಾಯ ಮಾಡುತ್ತಿದ್ದಾಳೆ ಎಂದು ನನಗೆ ಅಳು ಬಂತು. ನಟ್ಟು ಬಿಚ್ಚಿತು, ಬೋಲ್ಟ್ ಹೊರಗೆ ಬಂತು, ಬಸ್ಸಣ್ಣ ಅದನ್ನು ಗೋಡೆಯ ಮೇಲಿಟ್ಟು ಕಂಬಕ್ಕೆ ಕೈ ಹಾಕಿದ. ಅವ್ವ ಬೋಲ್ಟನ್ನೂ ನಟ್ಟನ್ನೂ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬಿ ಕಂಬದ ಬುಡವನ್ನು ಆಗಲೇ ನಮ್ಮ ಮನೆಯ ಕಡೆಗೆ ಸ್ವಲ್ಪ ವಾಲಿಸಿತ್ತು. ಪಡುವಣದ ಗಾಳಿ ಬಾವುಟಕ್ಕೆ ಬಡಿದು ಅದೇ ಕಡೆಗೆ ದೂಡಿತು. ಓಣಿಯ ಕಡೆ ವಾಲಿಸೋಣವೆಂದರೆ ಖಾಜಾನ ಹೆಸರಿನ ತಗಡು ಅಡ್ಡ. ಬಸ್ಸಣ್ಣನೂ ಇನ್ನೊಬ್ಬನೂ ಬುಡವನ್ನು ತಬ್ಬಿ ಹಿಡಿದರು. ಆಗ ಅವರಿಗೆ ಗೊತ್ತಾಯಿತು: ಕಂಬ ಇಳಿಯುವುದು ನಮ್ಮ ಅಂಗಳದೊಳಕ್ಕೆ. ತುದಿಗೆ ಹೆಗಲು ಕೊಡಲು ಒಬ್ಬರು ನಮ್ಮ ಮನೆಯೊಳಗೆ ಬರಬೇಕು. ನಮ್ಮ ಕೊಡಗಳನ್ನು ದಾಟಿ, ನಮ್ಮ ಒಲೆಯವರೆಗೆ ಹಿಂದೆ ಹಿಂದೆ ನಡೆಯಬೇಕು.

ಬಾವುಟದ ಹಗ್ಗವನ್ನೇ ಓಣಿಯಿಂದ ಬಿಗಿಹಿಡಿದು ಮೆಲ್ಲಗೆ ಸಡಿಲಿಸಿದ್ದರೆ ಯಾರೂ ಒಳಗೆ ಬರದೆ ಕಂಬ ಮಲಗುತ್ತಿತ್ತು ಎಂದು ಈಗ ನನಗೆ ಹೊಳೆಯುತ್ತದೆ. ಅವರಿಗೆ ಹೊಳೆಯಲಿಲ್ಲ. ಅವ್ವನಿಗೆ ಹೊಳೆದಿತ್ತೋ ಏನೋ. ನಸುಕಿನಲ್ಲೇ ಹಗ್ಗವನ್ನು ಬುಡದಿಂದ ಮೇಲಕ್ಕೆ ಕೈ ಎಟಕುವವರೆಗೆ ಕಂಬಕ್ಕೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದ್ದಳು. ಗಾಳಿಗೆ ಹಗ್ಗ ಬಡಿದು ಸದ್ದಾಗುತ್ತಿತ್ತು, ಅದಕ್ಕೇ ಕಟ್ಟಿದಳು ಎನ್ನುತ್ತಾಳೆ ಅಕ್ಕ.

“ಒಳಗ ಯಾರರ ಹೋಗ್ರೋ!” ಎಂದು ಬಸ್ಸಣ್ಣ ಕೂಗಿದ.

ಗೌಡರು ಮೂರನೆಯವನ ಕಡೆ ನೋಡಿದರು. ಅವನು ನಮ್ಮ ತಟ್ಟಿಯನ್ನು ನೋಡಿ ಹಿಂದಕ್ಕೆ ಸರಿದ. “ನಾ ಒಲ್ಲೆರಿ. ಹೋದ್ರ ನಮ್ಮ ಮನ್ಯಾಗ ಹೆಂಡ್ತಿ ನನ್ನ ಒಳಗ ಕರಕೊಳ್ಳಾಂಗಿಲ್ರಿ.”

“ಗುಮಾಸ್ತ, ನೀ ಹಿಡಿ,” ಎಂದರು ಗೌಡರು. ದನಿ ಮೆತ್ತಗಾಗಿತ್ತು. “ನಿನಗ ರೂಢಿ ಐತಿ.”

ಎಲ್ಲ ಅಪ್ಪನ ಮೇಲೆ ಬಂದು ನಿಂತಿತು. ಟವೆಲ್ ಅವನ ಹೆಗಲ ಮೇಲೆಯೇ ಇತ್ತು. ಅವನು ಹೋಗಿ ಹೆಗಲು ಕೊಟ್ಟರೆ ಕಂಬ ಮಲಗುತ್ತದೆ, ಮತ್ತೆ ಏಳುವುದಿಲ್ಲ. ಅವ್ವ ಬಾಯಿ ತೆರೆಯಲಿಲ್ಲ; ಅವಳು ಮಾತಾಡದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪನ ಮುಖದಲ್ಲಿ ಬೆವರಿತ್ತು. ಅವನು ಅಂಗಳದ ಕೊನೆಯವರೆಗೆ ನಡೆದುಹೋಗಿ, ಮನೆಯ ಮೆಟ್ಟಿಲಿನ ಮೇಲೆ ಕೂತು, ಕಾಲು ಮಡಿಚಿಕೊಂಡ.

“ಇವತ್ತ ನಾ ಸಿ.ಎಲ್. ಮ್ಯಾಲ ಅದೀನ್ರಿ.”

“ಏನಂದಿ?”

“ರಜಾ ಹಾಕೀನ್ರಿ. ರಜಾ ದಿನ ಕಂಬದ ಕೆಲಸ ಮುಟ್ಟಾಂಗಿಲ್ರಿ.”

ಮಾಳಿಗೆಯ ಮೇಲೆ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅವ್ವನಿಗೆ ಬಾಯಿ ಮರಳಿ ಬಂತು. ತಟ್ಟಿಯನ್ನು ಕಿತ್ತು ಪಕ್ಕಕ್ಕಿಟ್ಟಳು, ಕೊಡಗಳನ್ನು ಗೋಡೆಗೆ ಸರಿಸಿದಳು, ಒಲೆಗೆ ನೀರು ಚಿಮುಕಿಸಿದಳು.

“ಬರ್ರಿ, ಯಾರ ಬರ್ತೀರಿ ಬರ್ರಿ. ದಾರಿ ಬಿಟ್ಟೀನಿ. ಚಾಪಿ ಹಾಸ್ಲೇನ್ರಿ ಗೌಡ್ರ? ಬಿಸಿ ರೊಟ್ಟಿ ಅದಾವು, ಹಿಂಡಿ ಐತಿ. ತಿಂದು, ನೆಂಟನ್ನ ಮಲಗಸಿ ಹೋಗ್ರಿ.”

ಗೌಡರು ಸಂದಿನ ಹತ್ತಿರ ಬಂದು ನಿಂತರು. ಅವರ ಚಪ್ಪಲಿಯ ತುದಿ ನಮ್ಮ ಅಂಗಳದ ಸಾರಣೆಯ ಅಂಚಿಗೆ ತಾಗಿತ್ತು. ಅದಕ್ಕಿಂತ ಮುಂದೆ ಬರಲಿಲ್ಲ. ಗಾಳಿ ಒಂದು ಸಲ ಜೋರಾಗಿ ಬಂತು. ಕಂಬ ಒಳಕ್ಕೆ ಬಾಗಿತು. ಬಸ್ಸಣ್ಣ ಹಲ್ಲು ಕಚ್ಚಿ ಎದೆಗೆ ಅವುಚಿಕೊಂಡು ಅದನ್ನು ನೆಟ್ಟಗೆ ಎಳೆದ.

“ಬಿಡ್ಲೇನ್ರಿ ಕಾಕಾ?”

“ಬಿಟ್ರ ಮುರೀತೈತಿ, ಹುಚ್ಚಾ! ಹಿಡಿ!”

ಹಿಡಿದರು. ಮಲಗಿಸಲು ಬಂದವರು ಅದನ್ನು ನಿಲ್ಲಿಸಿಕೊಂಡು ನಿಂತರು, ಅವರ ತಲೆಯ ಮೇಲೆ ನೀಲಿ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ. ಸುಜಾತಾ ಗೋಡೆ ಹತ್ತಿ ಕೂತು, “ಬಸ್ಸಣ್ಣಾ, ನಮ್ಮ ಬಾವುಟ ನೀ ಹಿಡದಂಗ ನಮ್ಮ ಕೇರ್ಯಾಗ ಯಾರೂ ಹಿಡದಿಲ್ಲ ಬಿಡೋ” ಎಂದಳು. ಇದನ್ನು ತಾನು ಹೇಳಿಲ್ಲ ಎಂದು ಈಗ ಅವಳ ವಾದ. ಹೇಳಿದ್ದಾಳೆ.

ಗೌಡರು ಕೊನೆಗೆ ಗೋಡೆಯ ಮೇಲೆ, ನೆಲದ ಮೇಲೆ ಹುಡುಕಿದರು. “ಬೋಲ್ಟ್ ಎಲ್ಲೈತಿ?”

“ನನ್ನ ಹಂತ್ಯಾಕ ಐತ್ರಿ,” ಎಂದಳು ಅವ್ವ.

“ಕೊಡ ಬೇ.”

“ನನಗ ಹೆಸರ ಐತ್ರಿ.”

ಗೌಡರಿಗೆ ಆ ಹೆಸರು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಾಯಿಗೆ ಬರಲಿಲ್ಲವೋ. ವರ್ಷಗಟ್ಟಲೆ ಅವರ ಹೊಲದಲ್ಲಿ ದುಡಿದವಳು. ಬಸ್ಸಣ್ಣನೇ ಕಂಬದ ಹಿಂದಿನಿಂದ ಅರಚಿದ: “ಮರೆಮ್ಮಾ! ಕೊಡ್ರಿ ಮರೆಮ್ಮಾ, ಕೈ ಸೋತಾವ!”

ಅವ್ವ ಸೆರಗಿನ ಗಂಟು ಬಿಚ್ಚಿ ಗೌಡರ ಮುಂದೆ ಕೈ ಚಾಚಿದಳು. ಅವರಿಗೆ ಏನಾದರೂ ಕೊಡಬೇಕಾದರೆ ನಾವು ನೆಲದ ಮೇಲಿಡಬೇಕು, ಅವರು ಎತ್ತಿಕೊಳ್ಳಬೇಕು. ನಮ್ಮೂರಿನ ಪದ್ಧತಿ ಅದು. ಅವ್ವ ಇಡಲಿಲ್ಲ. ಕೈ ಚಾಚಿಕೊಂಡೇ ನಿಂತಳು. ಗೌಡರು ನೆಲ ನೋಡಿದರು, ಕಂಬ ನೋಡಿದರು, ಅಂಗೈ ಒಡ್ಡಿದರು. ಕೊನೆಯ ಕ್ಷಣದಲ್ಲಿ ಅವ್ವ ಮೇಲಿನಿಂದ ಹಾಕಿದಳು, ತಾಗಲಿಲ್ಲ ಎನ್ನುತ್ತಾಳೆ ಅಕ್ಕ. ನಾನು ಅವಳಿಗಿಂತ ಕೆಳಗೆ, ಅವರಿಬ್ಬರ ಕೈಗಳ ಮಟ್ಟದಲ್ಲಿ ನಿಂತಿದ್ದೆ. ಅವ್ವ ಬೋಲ್ಟನ್ನೂ ನಟ್ಟನ್ನೂ ಗೌಡರ ಅಂಗೈಯಲ್ಲಿಟ್ಟು ಒತ್ತಿದಳು. ಹಿಟ್ಟು ಅಂಟಿತು. ಇದಕ್ಕೆ ಆಧಾರ ಕೇಳುವವರು ಕೇಳಿಕೊಳ್ಳಲಿ.

ಮೂವರೂ ಸೇರಿ ಕಂಬವನ್ನು ನೆಟ್ಟಗೆ ಎಳೆದರು. ಗೌಡರು ತಾವೇ ತೂತಿಗೆ ಬೋಲ್ಟ್ ತೂರಿಸಿದರು. ಬಸ್ಸಣ್ಣ ನಟ್ಟು ಹಚ್ಚಿ, ಪಾನಾದಿಂದ ತಿರುವಿ, ಸಾಕೆಂದು ಬಿಟ್ಟ. ಅವ್ವ ಹತ್ತಿರ ಹೋಗಿ ಕಂಬವನ್ನು ಅಲ್ಲಾಡಿಸಿ ನೋಡಿದಳು.

“ಇನ್ನೊಂದ್ ಸುತ್ತು ಬಿಗಿ ಮಾಡಪಾ ಬಸ್ಸಣ್ಣಾ,” ಎಂದಳು. “ಇಲ್ಲಿ ಗಾಳಿ ಭಾಳ.”

ಅವನು ಇನ್ನೊಂದು ಸುತ್ತು ತಿರುವಿದ.